ಬಿಸಿಸಿ ಬಳಸುವಂತಿಲ್ಲ

ನಮ್ಮ ಮ್ಯಾನೇಜರನಿಗೆ ನಾವಿಟ್ಟ ಹೆಸರು ಫುಲ್‌ಫಾರಂ. ಎದುರಿಗೆ ಸರ್, ಬೆನ್ನ ಹಿಂದೆ ಫುಲ್‌ಫಾರಂ. ಮೇಲಧಿಕಾರಿಯನ್ನು ಏಕವಚನದಲ್ಲಿ ಬರೆಯುತ್ತಾಳಲ್ಲ ಎಂದು ಯಾರಾದರೂ ಹುಬ್ಬೇರಿಸಿದರೆ ಏರಿಸಲಿ. ದಿನವಿಡೀ ಎದುರಿಗೆ ಕೊಡುವ ಬಹುವಚನವೇ ನನ್ನ ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ಬರೆಯುವಾಗಲೂ ಕೊಡು ಎಂದರೆ ನನ್ನಿಂದಾಗದು.

ನಮ್ಮದು ಮನೋವೈದ್ಯರ ಕ್ಲಿನಿಕ್. ಕಟ್ಟಡದ ಕೆಳಗಿನ ಅಂತಸ್ತಿನಲ್ಲಿ ಹಲ್ಲಿನ ಡಾಕ್ಟರು, ಮೇಲೆ ನಾವು. ನಮ್ಮ ಬೋರ್ಡಿನಲ್ಲಿ ಡಾಕ್ಟರಮ್ಮನ ಹೆಸರು ಬಿಟ್ಟರೆ ಬೇರೇನೂ ಇಲ್ಲ. ಯಾವ ಕಾಯಿಲೆಗೆ ಎಂಬುದನ್ನು ಬೇಕೆಂದೇ ಬರೆಸಿಲ್ಲ. ನಮ್ಮಲ್ಲಿಗೆ ಬರುವವರಲ್ಲಿ ಎಷ್ಟೋ ಮಂದಿ ಬೀದಿಯಿಂದಲೇ ಕೆನ್ನೆಗೆ ಕೈ ಒತ್ತಿಕೊಂಡು ಬರುತ್ತಾರೆ, ನೋಡಿದವರು ಹಲ್ಲುನೋವು ಅಂದುಕೊಳ್ಳಲಿ ಎಂದು. ಮೆಟ್ಟಿಲು ಹತ್ತಿ ನಮ್ಮ ಬಾಗಿಲು ಮುಚ್ಚಿಕೊಂಡ ಮೇಲೆ ಕೈ ಕೆಳಗಿಳಿಸುತ್ತಾರೆ. ಬಾಗಿಲ ಪಕ್ಕದ ಮೇಜಿನಲ್ಲಿ ಕೂತು ವರ್ಷಗಟ್ಟಲೆ ಈ ಹಲ್ಲುನೋವನ್ನು ನೋಡಿದ್ದೇನೆ. ಒಂದು ದಿನವೂ ನನಗೆ ನಗು ಬಂದಿಲ್ಲ.

ನನ್ನ ಕೆಲಸ ಮುಖ್ಯವಾಗಿ ಫೋನಿನದು. ಡಾಕ್ಟರಮ್ಮ ಸಿಗುವ ದಿನ ಬದಲಾದರೆ ಒಬ್ಬೊಬ್ಬರಿಗೂ ನಾನೇ ಫೋನ್ ಮಾಡಿ ಹೇಳುತ್ತಿದ್ದೆ. ಆ ಕಡೆ ಮಾತಾಡುತ್ತಿರುವುದು ಅವರೇ ಎಂದು ಖಾತ್ರಿಯಾಗುವವರೆಗೆ ಕ್ಲಿನಿಕ್ ಎಂಬ ಪದ ನನ್ನ ಬಾಯಿಂದ ಹೊರಡುತ್ತಿರಲಿಲ್ಲ. ಗಂಡ ಎತ್ತಿದರೆ ನಾನು ಹೊಲಿಗೆಯವಳು, ಬ್ಲೌಸ್ ರೆಡಿ. ಅತ್ತೆ ಎತ್ತಿದರೆ ಹಳೆಯ ಸಹಪಾಠಿ. ಮಗ ಎತ್ತಿದರೆ ರಾಂಗ್ ನಂಬರ್. ಸುಳ್ಳು ಹೇಳಿದವರಿಗೆ ನರಕದಲ್ಲಿ ಜಾಗ ಇದ್ದರೆ ನನ್ನದು ಯಾವಾಗಲೋ ಕಾಯ್ದಿರಿಸಿ ಆಗಿದೆ, ಅದರ ಬಗ್ಗೆ ನನಗೆ ಚಿಂತೆಯಿಲ್ಲ.

ಫುಲ್‌ಫಾರಂ ನಮ್ಮಲ್ಲಿಗೆ ಬಂದದ್ದು ಒಂದು ಕಂಪ್ಯೂಟರ್ ತರಬೇತಿ ಕೇಂದ್ರದಿಂದ. ಡಾಕ್ಟರಮ್ಮನ ಗಂಡನ ಕಡೆಯ ನೆಂಟ. ಅಲ್ಲಿ ಪಾಠ ಹೇಳುತ್ತಿದ್ದ ಚಟ ಇಲ್ಲೂ ಬಿಡಲಿಲ್ಲ. ಬೆಳಿಗ್ಗೆ ಕೆಲಸ ಶುರುವಾಗುವ ಮೊದಲು ನರ್ಸ್, ಲೆಕ್ಕದವರು, ನಾನು, ಮೂವರನ್ನೂ ನೀರಿನ ಫಿಲ್ಟರ್ ಪಕ್ಕ ನಿಲ್ಲಿಸಿ ಸಂಕ್ಷಿಪ್ತ ಪದಗಳ ಪರೀಕ್ಷೆ ಮಾಡುತ್ತಿದ್ದ. ಯುಆರ್‌ಎಲ್ ಅಂದರೆ? ಯೂನಿಫಾರ್ಮ್ ರಿಸೋರ್ಸ್ ಲೊಕೇಟರ್. ಪಿಡಿಎಫ್? ಪೋರ್ಟಬಲ್ ಡಾಕ್ಯುಮೆಂಟ್ ಫಾರ್ಮ್ಯಾಟ್. ಯುಎಸ್‌ಬಿ? ಯೂನಿವರ್ಸಲ್ ಸೀರಿಯಲ್ ಬಸ್. ನರ್ಸ್ ಪಾಪ ಅಂಗೈಯಲ್ಲಿ ಬರೆದುಕೊಂಡು ಬರುತ್ತಿದ್ದಳು, ಇಂಜೆಕ್ಷನ್ ಕೊಡುವಾಗ ರೋಗಿಗಳು ಅವಳ ಕೈಯಲ್ಲಿ ಎಚ್‌ಟಿಟಿಪಿ ಓದುತ್ತಿದ್ದರು. ಯುಪಿಎಸ್ ಅಂದರೆ ಅನ್‌ಇಂಟರಪ್ಟಿಬಲ್ ಪವರ್ ಸಪ್ಲೈ ಎಂದು ನಮ್ಮ ಬಾಯಲ್ಲಿ ಹೇಳಿಸಿದವನು ಅದರ ಬ್ಯಾಟರಿ ಸತ್ತು ತಿಂಗಳುಗಳಾದರೂ ಹೊಸದು ತರಿಸಲಿಲ್ಲ. ಕರೆಂಟು ಹೋದಾಗಲೆಲ್ಲ ಕಂಪ್ಯೂಟರೂ ಹೋಗುತ್ತಿತ್ತು, ನಾವು ಪೂರ್ತಿ ಹೆಸರು ಹೇಳಿಕೊಂಡು ಕತ್ತಲಲ್ಲಿ ಕೂರುತ್ತಿದ್ದೆವು. ಪುಸ್ತಕದ ಬದನೆಕಾಯಿ ಸಾರಿಗೆ ಬರುತ್ತದೆಯೇ?

ಒಂದು ದಿನ ನನ್ನನ್ನು ಒಟಿಪಿ ಎಂದರೇನು ಎಂದು ಕೇಳಿದ. ಯಾರಿಗೂ ಹೇಳಬಾರದ ನಂಬರ್ ಸರ್, ಎಂದೆ. ತಪ್ಪು, ಒನ್ ಟೈಮ್ ಪಾಸ್‌ವರ್ಡ್, ಎಂದು ಎಲ್ಲರ ಎದುರು ಸೊನ್ನೆ ಕೊಟ್ಟ. ಅವನು ಹೇಳಿದ ಪೂರ್ತಿ ಹೆಸರು ಸರಿ. ಆದರೆ ಆ ನಂಬರನ್ನು ಏನು ಮಾಡಬೇಕು, ಏನು ಮಾಡಬಾರದು ಎಂಬುದು ಅದರಲ್ಲಿ ಎಲ್ಲಿದೆ? ಕೇಳಲಿಲ್ಲ. ಕೇಳಿದ್ದರೆ ಇನ್ನೊಂದು ಸೊನ್ನೆ.

ಇಷ್ಟೇ ಆಗಿದ್ದರೆ ತಮಾಷೆ ಮಾಡಿಕೊಂಡು ಕಾಲ ಹಾಕಬಹುದಿತ್ತು. ಆದರೆ ಹೋದ ವರ್ಷ ಒಂದು ಘಟನೆ ಆಯಿತು. ಯಾವುದೋ ಸಣ್ಣ ವಿಷಯಕ್ಕೆ ಫುಲ್‌ಫಾರಂ ಲೆಕ್ಕದವರಿಗೆ ಬಾಯಿಗೆ ಬಂದಂತೆ ಬೈದು ಒಂದು ಮೇಲ್ ಬರೆದ. ಅವರು ವಿನಯವಾಗಿಯೇ ಉತ್ತರ ಬರೆದರು, ಜೊತೆಗೆ ಡಾಕ್ಟರಮ್ಮನನ್ನು ಬಿಸಿಸಿಯಲ್ಲಿ ಸೇರಿಸಿದರು. ಮೇಲ್ ಬರೆಯುವವರಿಗೆಲ್ಲ ಇದು ಗೊತ್ತು. ಸಿಸಿ ಎಂದರೆ ಕಾರ್ಬನ್ ಕಾಪಿ, ಟೈಪ್‌ರೈಟರ್ ಕಾಲದಲ್ಲಿ ಎರಡು ಹಾಳೆಯ ನಡುವೆ ಕಪ್ಪು ಕಾಗದ ಇಟ್ಟು ತೆಗೆಯುತ್ತಿದ್ದ ಪ್ರತಿ. ಸಿಸಿಯಲ್ಲಿ ಇರುವವರ ವಿಳಾಸ ಎಲ್ಲರಿಗೂ ಕಾಣುತ್ತದೆ. ಬಿಸಿಸಿ ಎಂದರೆ ಬ್ಲೈಂಡ್ ಕಾರ್ಬನ್ ಕಾಪಿ. ಅದರಲ್ಲಿ ಇರುವವರಿಗೆ ಮೇಲ್ ತಲುಪುತ್ತದೆ, ಆದರೆ ಅವರು ಯಾರೆಂದು ಉಳಿದವರಿಗೆ ತಿಳಿಯುವುದಿಲ್ಲ. ಹಾಗೆ ಡಾಕ್ಟರಮ್ಮನಿಗೆ ಅವನ ಬೈಗುಳ ತಲುಪಿತು, ಅವನಿಗೆ ಮಂಗಳಾರತಿ ಆಯಿತು.

ಮಾರನೆಯ ದಿನ ನೀರಿನ ಫಿಲ್ಟರ್ ಮೇಲೆ ಪ್ಲಾಸ್ಟಿಕ್ ಹೊದಿಸಿದ ಒಂದು ಸೂಚನೆ ನೇತಾಡುತ್ತಿತ್ತು. ಈ ಕಚೇರಿಯಲ್ಲಿ ಬಿಸಿಸಿ ಬಳಸುವಂತಿಲ್ಲ, ಇಲ್ಲಿ ಎಲ್ಲವೂ ಪಾರದರ್ಶಕ. ಅದನ್ನು ಓದಿ ನಾವು ಮೂವರೂ ನೀರು ಕುಡಿದು ನಮ್ಮ ಜಾಗಕ್ಕೆ ಹೋದೆವು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ಎಂದು ಲೆಕ್ಕದವರು ಗೊಣಗಿದರು. ಯಾರೂ ಅದಕ್ಕೆ ಹೆಚ್ಚು ಬೆಲೆ ಕೊಡಲಿಲ್ಲ.

ಈಗ ನನ್ನ ತಂಗಿಯ ವಿಷಯ. ಮನೆಯಲ್ಲಿ ಅವಳನ್ನು ಪುಟ್ಟಿ ಎನ್ನುತ್ತೇವೆ. ಅವಳ ಗಂಡ ದೂರದ ಊರುಗಳಿಗೆ ಲಾರಿ ಓಡಿಸುವವನು, ಒಳ್ಳೆಯವನು, ವಾರದಲ್ಲಿ ಹೆಚ್ಚು ದಿನ ದಾರಿಯ ಮೇಲೆ ಇರುವವನು, ಹಾಗಾಗಿ ಅವಳು ಇರುವುದು ನನ್ನ ಜೊತೆಯಲ್ಲೇ. ಮಗು ಹೊಟ್ಟೆಯಲ್ಲೇ ಹೋದ ಮೇಲೆ ಪುಟ್ಟಿ ಗೋಡೆಯ ಕಡೆ ಮುಖ ಮಾಡಿ ಮಲಗಿಬಿಟ್ಟಳು. ಅಳಲಿಲ್ಲ, ಬೈಯಲಿಲ್ಲ, ತಲೆ ಬಾಚಲಿಲ್ಲ. ತಟ್ಟೆ ಮುಂದಿಟ್ಟರೆ ತಟ್ಟೆಯನ್ನೇ ನೋಡುತ್ತಿದ್ದಳು. ನಾನೇ ಕೈ ಹಿಡಿದು ಡಾಕ್ಟರಮ್ಮನ ಹತ್ತಿರ ಕರೆತಂದೆ. ಮಾತ್ರೆ, ಮಾತುಕತೆ, ಮತ್ತೆ ಮಾತ್ರೆ. ಒಂದು ವರ್ಷವಾದ ಮೇಲೆ ಅವಳು ಎರಡು ಬೀದಿ ಆಚೆಯ ಶಿಶುವಿಹಾರದಲ್ಲಿ ಕೆಲಸಕ್ಕೆ ಸೇರಿದಳು. ಮೊದಲ ದಿನ ಮನೆಗೆ ಬಂದಾಗ ಅವಳ ಸೀರೆಯ ಮೇಲೆ ಯಾವುದೋ ಮಗು ವಾಂತಿ ಮಾಡಿತ್ತು. ಅದನ್ನು ತೋರಿಸಿ ಅವಳು ನಕ್ಕಳು. ಮಾತ್ರೆ ಅರ್ಧ ವಾಸಿ ಮಾಡಿದೆ, ಉಳಿದರ್ಧ ಆ ಮಕ್ಕಳು ಮಾಡುತ್ತಿದ್ದಾರೆ, ಆ ಕೆಲಸ ಹೋಗದಂತೆ ನೋಡಿಕೊಳ್ಳಿ ಎಂದು ಡಾಕ್ಟರಮ್ಮ ನನ್ನನ್ನು ಬೇರೆಯಾಗಿ ಕರೆದು ಹೇಳಿದ್ದರು.

ಶಿಶುವಿಹಾರದಲ್ಲಿ ಯಾರಿಗೂ ಅವಳ ಚಿಕಿತ್ಸೆಯ ವಿಷಯ ಗೊತ್ತಿರಲಿಲ್ಲ. ಹೇಳಬೇಕಾದ ಅಗತ್ಯವೂ ಇರಲಿಲ್ಲ. ಸಕ್ಕರೆ ಕಾಯಿಲೆಗೆ ಮಾತ್ರೆ ನುಂಗುವವರು ಡಂಗುರ ಸಾರಿಕೊಂಡು ಓಡಾಡುತ್ತಾರೆಯೇ?

ಹೀಗಿರುವಾಗ ಒಂದು ಸೋಮವಾರ ಡಾಕ್ಟರಮ್ಮ ನೋಡುವ ವಾರಗಳು ಬದಲಾಗಿದ್ದವು. ನಾನು ಎಂದಿನಂತೆ ಫೋನ್ ಹತ್ತಿರ ಎಳೆದುಕೊಂಡೆ. ಫುಲ್‌ಫಾರಂ ಬಂದು ನನ್ನ ತಲೆಯ ಮೇಲೆ ನಿಂತ. ಎರಡು ದಿನ ಫೋನಿನಲ್ಲಿ ಹರಟುವ ಕೆಲಸವನ್ನು ಎರಡು ನಿಮಿಷದ ಮೇಲ್ ಮುಗಿಸುತ್ತದೆ ಎಂದ. ಆಗಲಿ, ಮೇಲೇ ಕಳಿಸೋಣ ಎಂದೆ. ಕಂಪ್ಯೂಟರಿನಲ್ಲಿ ರೋಗಿಗಳ ಮೇಲ್ ವಿಳಾಸಗಳೆಲ್ಲ ಇದ್ದವು.

"ಬಿಸಿಸಿಯಲ್ಲಿ ಹಾಕ್ತೀನಿ ಸರ್. ಇಲ್ಲಾಂದ್ರೆ ಒಬ್ಬೊಬ್ಬರಿಗೂ ಬೇರೆ ಬೇರೆ ಕಳಿಸ್ತೀನಿ. ಒಬ್ರ ಹೆಸರು ಇನ್ನೊಬ್ರಿಗೆ ಕಾಣಬಾರ್ದು," ಎಂದೆ.

"ಗೋಡೆ ಮೇಲೆ ಏನು ಬರ್ದಿದೆ ಓದಿದೀರಾ? ನನ್ನ ಆಫೀಸಲ್ಲಿ ಕದ್ದುಮುಚ್ಚಿ ಏನೂ ನಡೆಯಲ್ಲ," ಎಂದ.

ಇದು ಆಫೀಸಿನವರ ವಿಷಯವಲ್ಲ, ರೋಗಿಗಳ ವಿಷಯ ಎಂದೆ. ನಿಯಮ ಎಂದರೆ ಎಲ್ಲರಿಗೂ ನಿಯಮ ಎಂದ. ನಾನು ಕಳಿಸುವುದಿಲ್ಲ ಎಂದು ಕೈಕಟ್ಟಿ ಕೂತೆ. ಅವನು ಮೂಗು ಕೆಂಪು ಮಾಡಿಕೊಂಡು ತನ್ನ ಕೋಣೆಗೆ ಹೋದ. ಹೋದವನು ಏನು ಮಾಡುತ್ತಾನೆಂದು ನನಗೆ ತಕ್ಷಣ ಹೊಳೆಯಿತು. ಡಾಕ್ಟರಮ್ಮನ ಬಾಗಿಲಿಗೆ ಓಡಿದೆ. ಮೇಲೆ ಕೆಂಪು ದೀಪ ಉರಿಯುತ್ತಿತ್ತು, ಒಳಗೆ ಯಾರೋ ಮಾತಾಡುತ್ತಿದ್ದಾರೆ ಎಂದರ್ಥ. ಆ ದೀಪ ಉರಿಯುವಾಗ ಕಟ್ಟಡಕ್ಕೆ ಬೆಂಕಿ ಬಿದ್ದರೂ ಬಾಗಿಲು ತಟ್ಟಬಾರದು ಎಂಬುದು ನಮ್ಮ ಕಟ್ಟಳೆ. ಆದರೂ ತಟ್ಟಿದೆ. ಒಳಗೆ ಅಳುತ್ತಿದ್ದ ಮನುಷ್ಯ ಬೆಚ್ಚಿ ಎದ್ದು ನಿಂತ. ಡಾಕ್ಟರಮ್ಮ ಹೊರಗೆ ಬಂದು ನನ್ನ ಮಾತು ಕೇಳಿ ಮ್ಯಾನೇಜರನ ಕೋಣೆಗೆ ನಡೆಯುವಷ್ಟರಲ್ಲಿ, ಅವನು ಕುರ್ಚಿಗೆ ಒರಗಿ, ಮುಗಿಯಿತು ನೋಡಿ, ಒಂದೇ ಮೇಲ್, ಎಂದ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಮೇಲೂ ಹಾಗೆಯೇ. ನಮ್ಮ ಎಲ್ಲ ರೋಗಿಗಳ ವಿಳಾಸ ಸಿಸಿಯಲ್ಲಿ ಸಾಲಾಗಿ, ಒಬ್ಬೊಬ್ಬರ ಮನೆಗೂ ತಲುಪಿತ್ತು. ಮೇಲೆ ದಪ್ಪ ಅಕ್ಷರದಲ್ಲಿ, ನಿಮ್ಮ ಮಾನಸಿಕ ಚಿಕಿತ್ಸೆಯ ದಿನ ಬದಲಾವಣೆ ಎಂದು ಬೇರೆ ಬರೆದಿದ್ದ.

ಅರ್ಧ ಗಂಟೆಯಲ್ಲಿ ಫೋನ್ ಶುರುವಾಯಿತು. ಕೆಲವರು ಕೂಗಾಡಿದರು, ಅವರಿಗೆ ಉತ್ತರ ಕೊಡುವುದು ಸುಲಭ. ಹೋಟೆಲಿನಲ್ಲಿ ಅಡುಗೆ ಮಾಡುವ ಹುಡುಗಿಯೊಬ್ಬಳು, ಎರಡು ವರ್ಷದಿಂದ ನನ್ನ ಹೊಲಿಗೆಯವಳ ನಾಟಕಕ್ಕೆ ಒಗ್ಗಿಕೊಂಡಿದ್ದವಳು, "ನಾನು ನಿಮಗೇನು ಮಾಡಿದ್ದೆ ಅಕ್ಕಾ?" ಎಂದಳು. ಡಾಕ್ಟರಮ್ಮ ಕೆಂಪು ದೀಪ ಆರಿಸಿ, ನನ್ನ ಪಕ್ಕ ಕುರ್ಚಿ ಹಾಕಿಕೊಂಡು, ಅಂದೆಲ್ಲ ಒಬ್ಬೊಬ್ಬರ ಹತ್ತಿರವೂ ತಾವೇ ಕ್ಷಮೆ ಕೇಳಿದರು. ಫುಲ್‌ಫಾರಂ ಊಟಕ್ಕೆ ಹೋಗಿ ಬಂದ.

ಸಂಜೆ ಮನೆಗೆ ಹೋಗುವಾಗ ಪುಟ್ಟಿಯ ಮುಖ ಹೇಗೆ ನೋಡಲಿ ಎಂಬುದೊಂದೇ ಯೋಚನೆ. ಶಿಶುವಿಹಾರದ ಮಕ್ಕಳ ಫೋಟೋಗಳನ್ನು ಅಪ್ಪ ಅಮ್ಮಂದಿರಿಗೆ ಕಳಿಸಲು ಅವಳು ಒಂದು ಮೇಲ್ ವಿಳಾಸ ಮಾಡಿಕೊಂಡಿದ್ದಳು, ಅದನ್ನೇ ಕ್ಲಿನಿಕ್ಕಿಗೂ ಕೊಟ್ಟಿದ್ದಳು. ಅವಳ ಹೆಸರು, ಅದರ ಹಿಂದೆಯೇ ಶಿಶುವಿಹಾರದ ಹೆಸರು. ಅಡ್ಡಹೆಸರಿನ ಹಿಂದೆ ಅಡಗಿಕೊಳ್ಳುವಷ್ಟೂ ಅವಕಾಶವಿರಲಿಲ್ಲ.

ಅವಳು ಬಟ್ಟೆ ಮಡಿಸುತ್ತಿದ್ದಳು. ಮೇಲ್ ಓದಿದ್ದಳು, ಉಳಿದವರ ವಿಳಾಸಗಳನ್ನೂ ನೋಡಿದ್ದಳು. ಅದರಲ್ಲಿ ಪೇಟೆಯ ಕನ್ನಡಕದಂಗಡಿಯ ಹೆಸರಿನ ವಿಳಾಸ ಒಂದಿತ್ತು. ಆ ಅಂಗಡಿ ನಡೆಸುವಾಕೆಯ ಮಗಳು ಶಿಶುವಿಹಾರದಲ್ಲಿ ಪುಟ್ಟಿಯ ಹತ್ತಿರವೇ ಇರುವ ಕೂಸು, ಪುಟ್ಟಿಯ ತೊಡೆಯಲ್ಲಿ ಬಿಟ್ಟರೆ ಬೇರೆಲ್ಲೂ ಊಟ ಮಾಡದ ಕೂಸು. ಪಾಪ, ಅವರೂ ಬರುತ್ತಾರಂತೆ, ನನಗೆ ಗೊತ್ತೇ ಇರಲಿಲ್ಲ ಎಂದಳು ಪುಟ್ಟಿ. ನಾಳೆ ಸಿಕ್ಕಿದಾಗ ಏನೂ ಗೊತ್ತಿಲ್ಲದವಳ ಹಾಗೇ ಇರುತ್ತೇನೆ, ಇಲ್ಲದಿದ್ದರೆ ಅವರಿಗೆ ಮುಜುಗರ ಎಂದಳು. ಅವಳಿಗೆ ಬೇಸರವಾಗಿತ್ತು. ಆದರೂ ಇನ್ನೊಬ್ಬರ ಮುಜುಗರದ ಚಿಂತೆ ಮಾಡುವಷ್ಟು ಗಟ್ಟಿಯಾಗಿದ್ದಾಳಲ್ಲ ಎಂದು ನಾನು ಸ್ವಲ್ಪ ಉಸಿರು ಬಿಟ್ಟೆ.

ಗುರುವಾರ ಶಿಶುವಿಹಾರದ ಯಜಮಾನಿ ಪುಟ್ಟಿಯನ್ನು ಕರೆದು, ಕೆಲವು ದಿನ ಮನೆಯಲ್ಲಿದ್ದು ವಿಶ್ರಾಂತಿ ತೆಗೆದುಕೊಳ್ಳಿ ಎಂದರು. ಎಷ್ಟು ದಿನ ಎಂದು ಕೇಳಿದರೆ ಹೇಳಿಕಳಿಸುತ್ತೇನೆ ಎಂದರು. ಮಗುವಿನ ತಾಯಿಯೊಬ್ಬರು ಬಂದು, ನಿಮ್ಮಲ್ಲಿ ಕೆಲಸ ಮಾಡುವವಳು ತಲೆಯ ಡಾಕ್ಟರ ಹತ್ತಿರ ಹೋಗುತ್ತಾಳೆ, ಅಂಥವಳ ಕೈಗೆ ಮಕ್ಕಳನ್ನು ಕೊಟ್ಟಿದ್ದೀರಲ್ಲ ಎಂದು ಕೇಳಿದ್ದರಂತೆ. ಯಾರು ಎಂದು ಯಜಮಾನಿ ಹೇಳಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ. ಆ ಮೇಲ್ ತಲುಪಿದವರಲ್ಲಿ ಶಿಶುವಿಹಾರಕ್ಕೆ ಮಗು ಕಳಿಸುವವರು ಒಬ್ಬರೇ.

ನಾನು ನೇರ ಶಿಶುವಿಹಾರಕ್ಕೆ ನಡೆದೆ. ಪುಟ್ಟಿ ಬೇಡ ಬೇಡ ಎನ್ನುತ್ತ ಹಿಂದೆಯೇ ಬಂದಳು. ಮಕ್ಕಳನ್ನು ಕರೆದೊಯ್ಯುವ ಹೊತ್ತು. ಬಾಗಿಲ ಹತ್ತಿರ ಚಪ್ಪಲಿ ಗೂಡಿನ ಮುಂದೆ ಕನ್ನಡಕದಂಗಡಿಯಾಕೆ ಮಗಳ ಬೂಟು ಹಾಕುತ್ತ ಕೂತಿದ್ದರು. ಕೂಸು ಪುಟ್ಟಿಯನ್ನು ನೋಡಿ ಒಂದೇ ಕಾಲಿನ ಬೂಟಿನಲ್ಲಿ ಓಡಿಬಂದು ಅವಳ ಮೊಣಕಾಲು ತಬ್ಬಿಕೊಂಡಿತು. ತಾಯಿ ಬಂದು ಬಿಡಿಸಿಕೊಂಡು ಹೋದರು. ಯಜಮಾನಿಗೆ ನಾನು ಏನೇನು ಹೇಳಿದೆನೋ ಪೂರ್ತಿ ನೆನಪಿಲ್ಲ. ಇಷ್ಟು ತಿಂಗಳಲ್ಲಿ ಒಂದು ಮಗುವಿಗಾದರೂ ಅವಳಿಂದ ತರಚಿದ ಗಾಯ ಆಗಿದೆಯಾ ತೋರಿಸಿ ಎಂದದ್ದು ನೆನಪಿದೆ. ಯಜಮಾನಿ ಕೆಟ್ಟವರಲ್ಲ, ಹೆದರುಪುಕ್ಕಿ. ನನಗೇನೂ ಇಲ್ಲ, ಹೆತ್ತವರು ಕೇಳುತ್ತಾರೆ ಎಂದು ಗೋಡೆಯ ಮೇಲಿನ ಮಕ್ಕಳ ಚಿತ್ರಗಳನ್ನು ನೋಡುತ್ತ ನಿಂತರು.

ಆಗ ಕನ್ನಡಕದಂಗಡಿಯಾಕೆ ತಾವಾಗಿಯೇ ಬಾಯಿ ಹಾಕಿದರು. "ಮಕ್ಕಳ ವಿಷಯ ನೋಡಿ. ಯಾರಾದ್ರೂ ಯೋಚನೆ ಮಾಡ್ಬೇಕಾದ್ದೇ."

ನನ್ನ ನಾಲಿಗೆಯ ತುದಿಯಲ್ಲಿ ಆಕೆಯ ಎರಡು ವರ್ಷದ ಚಿಕಿತ್ಸೆ ಇತ್ತು. ಯಾವ ವಾರ ಬರುತ್ತಾರೆ, ಎಷ್ಟು ಹೊತ್ತು ಒಳಗಿರುತ್ತಾರೆ, ಹೊರಗೆ ಬಂದಾಗ ಕಣ್ಣು ಹೇಗಿರುತ್ತದೆ, ಎಲ್ಲ ನನಗೆ ಗೊತ್ತು. ಒಂದು ಮಾತು ಆಡಿದ್ದರೆ ಅಲ್ಲೇ ಮುಗಿಯುತ್ತಿತ್ತು. ಆಕೆಗೂ ಅದು ಗೊತ್ತಿತ್ತು. ನನ್ನನ್ನು ನೋಡಿದ ಆ ಕಣ್ಣಲ್ಲಿ ಹೆದರಿಕೆ ಬಿಟ್ಟು ಬೇರೇನೂ ಇರಲಿಲ್ಲ. ಕಳ್ಳನ ಮನಸ್ಸು ಹುಳ್ಳುಳ್ಳಗೆ. ತನ್ನ ಕಡೆ ಯಾರೂ ಬೆರಳು ತೋರಿಸುವ ಮೊದಲು ಇನ್ನೊಬ್ಬಳ ಕಡೆ ತೋರಿಸಿಬಿಟ್ಟಿದ್ದರು. ಪುಟ್ಟಿ ನನ್ನ ತೋಳನ್ನು ಉಗುರು ಇಳಿಯುವ ಹಾಗೆ ಹಿಡಿದಿದ್ದಳು. ಆಡಲಿಲ್ಲ. ಅಲ್ಲಿಂದ ಮನೆಯವರೆಗೂ ಹಲ್ಲು ಕಚ್ಚಿಕೊಂಡು ನಡೆದೆ. ಅಂದು ನನಗೆ ನಿಜವಾಗಿಯೂ ದವಡೆ ನೋಯಿತು.

ಮುಂದಿನ ವಾರ ಆಫೀಸಿನಲ್ಲಿ ವಿಚಾರಣೆಯ ಶಾಸ್ತ್ರ ನಡೆಯಿತು. ಫುಲ್‌ಫಾರಂ ಮೊದಲು ಸಿಸ್ಟಂ ತಪ್ಪು ಎಂದ. ಅದು ನಿಲ್ಲುವುದಿಲ್ಲ ಎಂದು ಗೊತ್ತಾದ ಮೇಲೆ ಒಂದು ಹೇಳಿಕೆ ಟೈಪ್ ಮಾಡಿಕೊಂಡು ಬಂದ. ರೋಗಿಗಳಿಗೆ ಮಾಹಿತಿ ಕೊಡುವ ಹೊಣೆ ಸ್ವಾಗತ ವಿಭಾಗದ್ದು, ಅಲ್ಲಿನ ಸಿಬ್ಬಂದಿಗೆ ಸಿಸಿ ಮತ್ತು ಬಿಸಿಸಿಯ ಅರ್ಥ ಸರಿಯಾಗಿ ತಿಳಿಯದೆ ಇದು ಆಗಿದೆ ಎಂದು. ಸ್ವಾಗತ ವಿಭಾಗ ಎಂದರೆ ನಾನೊಬ್ಬಳೇ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವುದು ಎಂದರೆ ಇದೇ. ಸಹಿ ಹಾಕಿ ಎಂದು ಪೆನ್ನನ್ನೂ ತಾನೇ ಕೊಟ್ಟ. ಡಾಕ್ಟರಮ್ಮ ಅಲ್ಲೇ ಕೂತಿದ್ದರು.

ನಾನು ಪೆನ್ನು ಮುಟ್ಟಲಿಲ್ಲ. "ಅರ್ಥ ಗೊತ್ತಿದ್ದದ್ರಿಂದಲೇ ಬೇಡ ಅಂದೆ. ಬಿಸಿಸಿ ಇರೋದು ನಿಮ್ಮ ಬೆನ್ನಿಗೆ ಚೂರಿ ಹಾಕೋಕಲ್ಲ ಸರ್. ಮರ್ಯಾದೆ ಉಳಿಸೋಕೆ. ನಿಮ್ಮೊಬ್ಬರ ಹಳೇ ಸಿಟ್ಟಿಗೆ ಅಷ್ಟೂ ಜನರ ಮಾನ ಹೋಯ್ತು, ನನ್ನ ತಂಗಿ ಕೆಲಸ ಹೋಯ್ತು. ನಿಮಗೇನು ಹೋಯ್ತು ಹೇಳಿ," ಎಂದೆ.

ಅವನು ಡಾಕ್ಟರಮ್ಮನ ಕಡೆ ನೋಡಿದ. ಅವರು ಆ ಹೇಳಿಕೆಯನ್ನು ಹರಿದು ಬುಟ್ಟಿಗೆ ಹಾಕಿದರು. ಅಷ್ಟರಮಟ್ಟಿಗೆ ನ್ಯಾಯ. ಆಮೇಲೆ ಹೇಳಿದ್ದೇನೆಂದರೆ, ಇನ್ನು ಮೇಲೆ ಬಿಸಿಸಿ ನಿಷೇಧ ಇಲ್ಲ, ಮತ್ತು ರೋಗಿಗಳ ಗುಟ್ಟು ಕಾಯುವುದು ಹೇಗೆ ಎಂದು ಸಿಬ್ಬಂದಿಗೆಲ್ಲ ಒಂದು ತರಬೇತಿ ಆಗಬೇಕು, ಅದನ್ನು ಮ್ಯಾನೇಜರೇ ನಡೆಸಲಿ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಅದೂ ಬುದ್ಧಿ ಬಂದದ್ದು ಯಾರಿಗೆ? ಮಾರನೆಯ ಬೆಳಿಗ್ಗೆ ಫುಲ್‌ಫಾರಂ ಫಿಲ್ಟರ್ ಪಕ್ಕ ನಿಂತು, ಹೊಸ ಉತ್ಸಾಹದಿಂದ, ಬಿಸಿಸಿ ಅಂದರೆ ಏನು ಎಂದು ನಮ್ಮನ್ನೇ ಕೇಳಿದ. ನರ್ಸ್ ಅಂಗೈ ನೋಡಿಕೊಂಡು ಹೇಳಿದಳು. ನಾನು ಲೋಟ ತೊಳೆದಿಟ್ಟು ಬಂದೆ. ಅವನ ಕೆಲಸಕ್ಕೇನೂ ಆಗಲಿಲ್ಲ, ನೆಂಟಸ್ತನಕ್ಕೆ ಯಾವ ಪೂರ್ತಿ ಹೆಸರೂ ಬೇಕಿಲ್ಲ.

ಮನೆಯಲ್ಲಿ ನನಗೆ ಇದಕ್ಕಿಂತ ದೊಡ್ಡ ಭಯ ಶುರುವಾಗಿತ್ತು. ಪುಟ್ಟಿ ಮತ್ತೆ ಗೋಡೆಯ ಕಡೆ ತಿರುಗಿದ್ದಳು. ಬೆಳಿಗ್ಗೆ ಎದ್ದು ಶಿಶುವಿಹಾರಕ್ಕೆ ಹೋಗುವ ಹೊತ್ತಿಗೆ ಮಂಚದ ಅಂಚಿನಲ್ಲಿ ಕೂರುತ್ತಿದ್ದಳು, ಆ ಹೊತ್ತು ದಾಟಿದ ಮೇಲೆ ಮಲಗುತ್ತಿದ್ದಳು. ಮಾತ್ರೆಯ ಹಾಳೆ ತೆಗೆದು ನೋಡಿದರೆ ಒಂದೂ ಕಡಿಮೆಯಾಗಿರಲಿಲ್ಲ. ಕೇಳಿದ್ದಕ್ಕೆ, ನುಂಗಿದ್ದರಿಂದಲೇ ತಾನೇ ಇಷ್ಟೆಲ್ಲ ಆದದ್ದು ಎಂದಳು. ಕ್ಲಿನಿಕ್ಕಿಗೆ ಇನ್ನು ಬರುವುದಿಲ್ಲ, ಎಲ್ಲರಿಗೂ ಗೊತ್ತಾಯಿತಲ್ಲ ಎಂದಳು. ನಾನು ಕೂಗಾಡಿದೆ, ಗೋಗರೆದೆ. ಅವಳ ಗಂಡ ದಾರಿಯ ನಡುವೆ ಲಾರಿ ನಿಲ್ಲಿಸಿ ಫೋನಿನಲ್ಲಿ ಅತ್ತ. ಹೋಗಲಿ ಬಿಡಕ್ಕ, ಹೋಗಲಿ ಬಿಡಿ ಎಂಬ ಒಂದೇ ಮಾತನ್ನು ಇಬ್ಬರಿಗೂ ಹೇಳಿದಳು. ಅವಳ ಆ ಮಾತಿಗೆ ನಾನು ಹೆದರಿದಷ್ಟು ಯಾವುದಕ್ಕೂ ಹೆದರಿಲ್ಲ. ಹೊಟ್ಟೆಯ ಕೂಸು ಹೋದಾಗಲೂ ಅವಳು ಅದನ್ನೇ ಹೇಳಿದ್ದಳು.

ಡಾಕ್ಟರಮ್ಮನನ್ನು ನೋಡಬೇಕಾದ ಮಧ್ಯಾಹ್ನ ಅವಳನ್ನು ಎಳೆದುಕೊಂಡೇ ಬಂದೆ. ಎಳೆದುಕೊಂಡು ಎಂದರೆ ನಿಜವಾಗಿ ಕೈ ಹಿಡಿದು ಎಳೆದುಕೊಂಡು. ತಲೆ ಬಾಚಿರಲಿಲ್ಲ, ಸೀರೆಯ ಸೆರಗು ಹೇಗೋ ಇತ್ತು. ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂರಿಸಿ ನಾನು ನನ್ನ ಮೇಜಿಗೆ ಬಂದೆ. ಕಾಯುವ ಕೋಣೆಯಲ್ಲಿ ಮೊದಲಿದ್ದಷ್ಟು ಜನರಿರಲಿಲ್ಲ. ಎಷ್ಟೋ ಮಂದಿ ಬರುವುದನ್ನೇ ಬಿಟ್ಟಿದ್ದರು.

ಸ್ವಲ್ಪ ಹೊತ್ತಿಗೆ ಕನ್ನಡಕದಂಗಡಿಯಾಕೆ ಮೆಟ್ಟಿಲು ಹತ್ತಿ ಬಂದರು. ಪುಟ್ಟಿಯನ್ನು ನೋಡಲಿಲ್ಲ, ಸೀದಾ ನನ್ನ ಮೇಜಿನ ಮೇಲೆ ಬಾಗಿದರು. ತನ್ನ ಹೆಸರು, ವಿಳಾಸ, ಎಲ್ಲವನ್ನೂ ಕಂಪ್ಯೂಟರಿನಿಂದ ತೆಗೆದುಹಾಕಬೇಕು, ಇನ್ನು ಮುಂದೆ ಬರುವುದಿಲ್ಲ, ಮಾತ್ರೆಯನ್ನೂ ನಿಲ್ಲಿಸಿಬಿಟ್ಟಿದ್ದೇನೆ ಎಂದು ಪಿಸುಗುಟ್ಟಿದರು. ಹತ್ತಿರದಿಂದ ನೋಡಿದರೆ ಕಣ್ಣಿನ ಕೆಳಗೆ ಕಪ್ಪಾಗಿತ್ತು. ನಿದ್ದೆಯಿಲ್ಲದವರ ಕಣ್ಣು ನನಗೆ ಗೊತ್ತು, ಮನೆಯಲ್ಲೇ ನೋಡುತ್ತಿದ್ದೇನೆ.

ತೆಗೆದುಹಾಕಿ, ಹಾಳಾಗಿ ಹೋಗಿ ಎನ್ನಬೇಕೆನ್ನಿಸಿತು. ಅನ್ನಿಸಿತು ಏನು, ಬಾಯಿಯವರೆಗೆ ಬಂತು.

"ನಿಮ್ಮ ಮೇಲೆ ನನಗಿರೋ ಸಿಟ್ಟು ನಾನು ಸಾಯೋ ತನಕ ಹೋಗಲ್ಲ," ಎಂದೆ. "ಅದು ಬೇರೆ ವಿಷಯ. ಮಾತ್ರೆ ಹೀಗೆ ಏಕಾಏಕಿ ನಿಲ್ಲಿಸ್ಬಾರ್ದು. ಕೂತ್ಕೊಳ್ಳಿ. ಡಾಕ್ಟರನ್ನ ನೋಡದೆ ಹೋಗೋ ಹಾಗಿಲ್ಲ."

ಮೆತ್ತಗೆ ಹೇಳುವುದು ನನಗೆ ಬರುವುದಿಲ್ಲ. ಇಡೀ ಕೋಣೆಗೆ ಕೇಳಿಸಿತು. ಆಕೆ ಹಿಂದೆ ತಿರುಗಿದರು, ಕಿಟಕಿಯ ಪಕ್ಕ ಪುಟ್ಟಿ ಕಾಣಿಸಿದಳು. ಒಂದು ಹೆಜ್ಜೆ ಬಾಗಿಲ ಕಡೆ ಇಟ್ಟರು, ನಿಂತರು. ಆಮೇಲೆ ಅಲ್ಲೇ, ಯಾರನ್ನೂ ನೋಡದೆ, ತನ್ನ ವಿಷಯ ಅತ್ತೆ ಮನೆಯವರಿಗೆ ಗೊತ್ತಾದರೆ ಮಗಳನ್ನು ತನ್ನ ಹತ್ತಿರ ಬಿಡುವುದಿಲ್ಲ, ಪುಟ್ಟಿ ಎಲ್ಲಿ ಬಾಯಿಬಿಡುತ್ತಾಳೋ ಎಂಬ ಭಯಕ್ಕೆ ಮೊದಲು ತಾನೇ ಹೇಳಿಬಿಟ್ಟೆ ಎಂದರು. ಮಗು ಈಗ ಅಲ್ಲಿ ಊಟವನ್ನೇ ಮುಟ್ಟುತ್ತಿಲ್ಲ ಎಂದರು. ಅಳುತ್ತಿದ್ದರು.

ಪುಟ್ಟಿ ಈಗ, ಹೋಗಲಿ ಬಿಡಿ, ಎನ್ನುತ್ತಾಳೆ ಎಂದು ನಾನು ಕಾದೆ. ಅವಳು ಎದ್ದು ನಿಂತಳು.

"ಆ ಮೇಲ್‌ನಲ್ಲಿ ನಿಮ್ಮ ಹೆಸರು ನಾನೂ ನೋಡಿದ್ದೆ," ಎಂದಳು. "ನಾನು ಯಾರಿಗಾದ್ರೂ ಹೇಳಿದ್ನಾ? ನನ್ನಕ್ಕ ಹೇಳಿದ್ಲಾ? ನಿಮಗೆ ಮಗಳಿದಾಳೆ, ಮನೆ ಇದೆ, ಅಂಗಡಿ ಇದೆ. ನನಗೆ ಇದ್ದದ್ದು ಆ ಮಕ್ಕಳು ಮಾತ್ರ. ಅದನ್ನೂ ಕಿತ್ಕೊಂಡ್ರಿ."

ಮಗು ಹೋದಾಗ ಅವಳು ಯಾರ ಮೇಲೂ ರೇಗಿರಲಿಲ್ಲ, ಆಸ್ಪತ್ರೆಯ ಮೇಲೆ, ದೇವರ ಮೇಲೆ, ಗಂಡನ ಮೇಲೆ, ಯಾರ ಮೇಲೂ. ಈಗ ಮುಖ ಕೆಂಪಾಗಿ, ಕುತ್ತಿಗೆಯ ನರ ಉಬ್ಬಿ, ಬೇರೆ ರೋಗಿಗಳು ನೋಡುತ್ತಿದ್ದಾರೆ ಎಂಬ ಖಬರೂ ಇಲ್ಲದೆ ನಿಂತಿದ್ದಳು. ಅವಳ ಆ ಸಿಟ್ಟು ನೋಡಿ ನನಗೆ ಆದ ಸಂತೋಷವನ್ನು ಎಲ್ಲಿ ಇಟ್ಟುಕೊಳ್ಳಲಿ ಎಂದು ತಿಳಿಯಲಿಲ್ಲ.

ಆಕೆ ಕೈಮುಗಿದರು. ಏನು ಮಾಡಿದರೆ ಸರಿಹೋಗುತ್ತದೆ ಎಂದು ಕೇಳಿದರು.

"ಕೈ ಮುಗೀಬೇಡಿ. ನಾಳೆ ನಾನು ಶಿಶುವಿಹಾರಕ್ಕೆ ಹೋಗ್ತೀನಿ. ಹೌದು, ಡಾಕ್ಟರ ಹತ್ರ ಹೋಗ್ತೀನಿ, ಮಾತ್ರೆ ತಗೋತೀನಿ, ಅದಕ್ಕೇನೀಗ ಅಂತ ಯಜಮಾನಿಯವರ ಎದುರಿಗೇ ಹೇಳ್ತೀನಿ. ನೀವು ಬಂದು ನನ್ನ ಪಕ್ಕ ನಿಂತ್ಕೋಬೇಕು. ನಿಮ್ಮ ವಿಷಯ ಏನೂ ಹೇಳ್ಬೇಕಾಗಿಲ್ಲ. ನನ್ನ ಮಗಳಿಗೆ ಇವಳೇ ಬೇಕು ಅಂತ ಹೇಳಿ, ಸಾಕು. ದೂರು ಕೊಟ್ಟವರು ನೀವೇ, ತೆಗೀಬೇಕಾದವ್ರೂ ನೀವೇ."

ಕೆಳಗಿನಿಂದ ಹಲ್ಲಿನ ಡಾಕ್ಟರ ಯಂತ್ರದ ಸದ್ದು ಕೇಳುತ್ತಿತ್ತು. ಕೊನೆಗೆ ಆಕೆ ಸೆರಗಿನಿಂದ ಮೂಗು ಒರೆಸಿಕೊಂಡು, "ಎಷ್ಟು ಹೊತ್ತಿಗೆ?" ಎಂದರು.

"ಮಕ್ಕಳು ಬರೋ ಹೊತ್ತಿಗೆ. ತಡ ಮಾಡಿದ್ರೆ ನಾನೇ ಅಂಗಡಿಗೆ ಬರ್ತೀನಿ," ಎಂದಳು ಪುಟ್ಟಿ.

ಆಮೇಲೆ ನನ್ನ ಮೇಜಿನ ಕಡೆ ತಿರುಗಿ, ಇಷ್ಟು ಹೊತ್ತಿನಿಂದ ಕೂರಿಸಿದ್ದೀಯಲ್ಲ, ನನ್ನನ್ನು ಒಳಗೆ ಕಳಿಸುತ್ತೀಯೋ ಇಲ್ಲವೋ ಎಂದು ನನ್ನ ಮೇಲೂ ರೇಗಿದಳು.